ಕಿಡಿಗೆ ಕಾದಿದ್ದ ಅಡುಗೆಮನೆ

೨೦೨೫ರ ಫೆಬ್ರವರಿ ೧೧, ಮಂಗಳವಾರ, ಸಂಜೆ ೪.೨೦. ಪುರಸೈವಾಕ್ಕಂನ ಉಡುಪಿ ಹೋಟೆಲೊಂದರ ಮಾಲೀಕ ಏದುಸಿರು ಬಿಡುತ್ತ ಠಾಣೆಗೆ ಬಂದ. ಅಡುಗೆಮನೆ ಸಿಡಿದಿತ್ತು. ಮುಖ್ಯ ಅಡುಗೆಯವರಾದ ಗುಂಡಣ್ಣ ಸುಟ್ಟಗಾಯಗಳೊಂದಿಗೆ ಆಸ್ಪತ್ರೆ ಸೇರಿದ್ದರು.

"ಗ್ಯಾಸ್ ಬಂದ್ ಮಾಡೋದು ಮರೆತಿದ್ದಾರೆ. ತಪ್ಪು ಅವರದೇ," ಎಂದು ದೂರು ಬರೆಸಿದ. ನಿರ್ಲಕ್ಷ್ಯದ ಆರೋಪದಡಿ ಗುಂಡಣ್ಣನ ಮೇಲೇ ಎಫ್‌ಐಆರ್ ಆಯಿತು.

೫.೩೦ಕ್ಕೆ ಪಂಚನಾಮೆ. ಇನ್ಸ್‌ಪೆಕ್ಟರ್ ಸುಮೇಧಾ ಗೋಡೆಯ ಮಸಿಯನ್ನು ಮೂರನೇ ಸಲ ಅಳೆದಳು.

"ಎಷ್ಟು ಸಲ ಅಳೆದರೂ ಗೋಡೆ ಬೆಳೆಯಲ್ಲ ಮೇಡಂ," ಎಂದ ಕಾನ್‌ಸ್ಟೇಬಲ್ ಬಾಬು.

ಒಲೆ ಹಚ್ಚುವ ಮೊದಲು ದೇವರ ದೀಪ ಹಚ್ಚುವುದು ಇಲ್ಲಿಯ ಪದ್ಧತಿ. ದೀಪ ಇದ್ದದ್ದು ನೆಲದ ಮೇಲೆ. ಹಿಂದೆ ಸಂಜೆ ಕಾಲೇಜಿನಲ್ಲಿ ಕಲಿತಿದ್ದ ರಸಾಯನಶಾಸ್ತ್ರ ಸುಮೇಧಾಳಿಗೆ ನೆನಪಾಯಿತು. ಗಾಳಿಗಿಂತ ಭಾರವಾದ ಅನಿಲ ನೆಲ ಹಿಡಿದು ತೆವಳಿ, ದೀಪದ ಸುತ್ತ ಸದ್ದಿಲ್ಲದೆ ಕೂತಿತ್ತು. ಗಾಳಿಯ ಜೊತೆ ಬೆರೆತರೂ ತಾನಾಗಿ ಉರಿಯದು. ಮೊದಲೊಂದು ಚೂರು ಶಾಖ ಬೇಕು. ಆಮೇಲೆ ಬೆಂಕಿಯೇ ಬೆಂಕಿಗೆ ಶಾಖ ಕೊಡುತ್ತದೆ. ಆದರೆ ಅಷ್ಟು ವಾಸನೆಯಲ್ಲಿ ಗುಂಡಣ್ಣ ಕಡ್ಡಿ ಗೀರಿದ್ದೇಕೆ?

ಖಾಲಿ ಊಟದ ಹಾಲ್‌ನಲ್ಲಿ ಏನೋ ಉಸಿರಾಡಿದಂತಾಯಿತು. ಸುಮೇಧಾ ಬೆಚ್ಚಿ ತಿರುಗಿದಳು. ಮೂಲೆಯಲ್ಲಿ ಎರಡು ಪಾತ್ರೆ ದೋಸೆಹಿಟ್ಟು, ಮೇಲೆ ಒದ್ದೆ ಬಟ್ಟೆ. ಹಿಟ್ಟು ಮೆಲ್ಲಗೆ ಉಬ್ಬುತ್ತಿತ್ತು, ಗುಳ್ಳೆಗಳು ಒಡೆಯುತ್ತಿದ್ದವು. ಸಿಸಿಟಿವಿಯಲ್ಲಿ ೩.೦೫ಕ್ಕೆ ಅದನ್ನು ಅಡುಗೆಮನೆಯಿಂದ ಹೊರತಂದವನು ಎರಡನೇ ಅಡುಗೆಯವ ಸೂರಜ್.

ಮರುದಿನ ೯.೩೦. ಆಸ್ಪತ್ರೆಯಲ್ಲಿ ಗುಂಡಣ್ಣ ಪಿಸುಗುಟ್ಟಿದರು: "ಕೊರೋನಾ ಬಂದಾಗಿಂದ ನಂಗೆ ವಾಸನೆ ಗೊತ್ತಾಗಲ್ಲಮ್ಮಾ. ಸೂರಜ್ ಒಬ್ನಿಗೇ ಗೊತ್ತು. ಯಜಮಾನರಿಗೆ ಹೇಳ್ಬೇಡಿ, ಕೆಲಸ ಹೋಗುತ್ತೆ."

೧೧.೧೫. ಠಾಣೆ. ಸುಮೇಧಾಳ ಎದುರಿಗೆ ಸೂರಜ್.

"ಹಿಟ್ಟು ದಿನಾ ಎಲ್ಲಿರುತ್ತೆ?"

"ಒಳಗೆ, ಮೇಡಂ."

"ನಿನ್ನೆ ಯಾಕೆ ಹೊರಗೆ ತಂದೆ?"

"ಬೆಳಿಗ್ಗೆಯಿಂದ ರುಬ್ಬಿದ ಹಿಟ್ಟು. ಹಾಳುಮಾಡೋಕೆ ಮನಸ್ಸು ಬರ್ಲಿಲ್ಲ."

"ಗುಂಡಣ್ಣ?"

ಅವನು ತನ್ನ ಕೈಗಳನ್ನೇ ನೋಡಿಕೊಂಡ.

ಗ್ಯಾಸ್ ತೆರೆದಿಟ್ಟದ್ದು ತಾನೇ ಎಂದು ಸೂರಜ್ ಹೇಳಿಕೆ ಕೊಟ್ಟ; ೧೨.೪೦ಕ್ಕೆ ಕೊಲೆಯತ್ನದ ಆರೋಪದಲ್ಲಿ ಅವನ ಬಂಧನವಾಯಿತು. ಗುಂಡಣ್ಣನ ಮೇಲಿನ ಆರೋಪ ಕೈಬಿಡುವ ವರದಿಗೆ ಸುಮೇಧಾ ಸಹಿ ಹಾಕಿದಳು. ಮತ್ತೊಮ್ಮೆ ಓದಿ ನೋಡಿದಳು.

ಸೂರಜ್‌ನ ಹೇಳಿಕೆಯ ಕೊನೆಯಲ್ಲಿ ಹೀಗಿತ್ತು: ನಾಲ್ಕು ವರ್ಷ ಒಗ್ಗರಣೆ ಹದಕ್ಕೆ ಬಂದಾಗಲೆಲ್ಲ ಸೂರಜ್ ಗುಂಡಣ್ಣನ ಮೊಣಕೈ ಮುಟ್ಟಿ ತಿಳಿಸುತ್ತಿದ್ದ. ಹೊಗಳಿಕೆ ಅವರಿಗೇ ಸಿಗುತ್ತಿತ್ತು. ಮಂಗಳವಾರ ಮಧ್ಯಾಹ್ನ, ತಾಂಬರಂನ ಹೊಸ ಹೋಟೆಲಿಗೆ ಸೂರಜ್‌ನನ್ನು ಮುಖ್ಯ ಅಡುಗೆಯವನಾಗಿ ಕಳಿಸಲೇ ಎಂದು ಮಾಲೀಕ ಕೇಳಿದ್ದ. ಅವನು ಹೋದರೆ ತನ್ನ ಗತಿಯೇನೆಂದು ಹೆದರಿದ ಗುಂಡಣ್ಣ, "ಬೇಡ, ಅವನಿಗಿನ್ನೂ ವಾಸನೆಯಲ್ಲಿ ಹದ ಹಿಡಿಯೋಕೆ ಬರಲ್ಲ," ಎಂದಿದ್ದರು.

ಆಗ ಸೂರಜ್ ಅವರ ಹಿಂದೆಯೇ ನಿಂತಿದ್ದ.

"ಗುಂಡಣ್ಣ ಬೈದ್ರಾ?" ಎಂದು ಸುಮೇಧಾ ಸೂರಜ್‌ನನ್ನು ಕೇಳಿದಳು.

"ಇಲ್ಲ ಮೇಡಂ. ಮೆಲ್ಲಗೇ ಹೇಳಿದ್ರು."