ಎರಡನೆಯ ಅನುಮತಿ

ಪಾಡ್‌ಕಾಸ್ಟಿನಲ್ಲಿ ಹಾಡು ಬಳಸಲು ಎರಡು ಅನುಮತಿ ಬೇಕು. ರಾಗ, ಸಾಹಿತ್ಯಕ್ಕೊಂದು, ರೆಕಾರ್ಡಿಂಗಿಗೊಂದು. ಸಂಗೀತ ಕಂಪನಿಯಲ್ಲಿ ಅನುಮತಿ ಕೊಡಿಸುವ ಕೆಲಸದ ಅವಳಿಗೆ ಇದು ನಿದ್ದೆಗಣ್ಣಿನಲ್ಲೂ ಗೊತ್ತು. ಆದರೂ ಆ ಪಾಡ್‌ಕಾಸ್ಟಿನವನು ಕೊರಳಲ್ಲಿ ಹೆಡ್‌ಫೋನ್ ನೇತುಹಾಕಿಕೊಂಡು ಬಂದು, "ಮೇಡಂ, ಒಂದು ಹಳೇ ಹಾಡು ಬೇಕಿತ್ತು" ಎಂದು ನಕ್ಕಾಗ ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಂಡಳು. ಅವನು ಮತ್ತೆ ಬರಲಿ ಎಂಬ ಆಸೆ, ಅಷ್ಟೇ.

ಮೊದಲನೆಯದನ್ನು ಒಯ್ಯಲು ಅವನು ಬಂದಾಗ ಎರಡನೆಯದರ ವಿಷಯ ಹೇಳಿದಳು. "ಇನ್ನೊಂದಿದೆಯಾ? ಅವತ್ತೇ ಹೇಳಬಾರದಿತ್ತಾ?"

"ಮರೆತುಹೋಯ್ತು" ಎಂದಳು, ಕಿವಿಯವರೆಗೂ ಕೆಂಪಾಗಿ.

"ನಿಮಗೆ ಮರೆವು ಚೆನ್ನಾಗಿ ಒಪ್ಪುತ್ತೆ ಬಿಡಿ" ಎಂದು ಅವನು ಓರೆಗಣ್ಣಿನಲ್ಲಿ ನೋಡಿದ. ಆಮೇಲೆ ಇಡೀ ದಿನ ಅವಳಿಗೆ ಕೆಲಸವೇ ಓಡಲಿಲ್ಲ.

ಎರಡನೆಯ ಅನುಮತಿ ಕೈಗೆ ಬಂದಾಗ ಮಾತ್ರ ಅವನು ನಗಲಿಲ್ಲ.

"ಈ ಹಾಡಿನ ಕೋರಸ್‌ನಲ್ಲಿ ನಮ್ಮಜ್ಜಿ ಇದಾರೆ. ಅವರ ಹೆಸರು ಎಲ್ಲೂ ಇಲ್ಲ. ಹೆಸರು ಹೇಳಿ ಹಾಡು ಕೇಳಿಸೋಣ ಅಂತಲೇ ಈ ಎಪಿಸೋಡ್ ಮಾಡಿದ್ದು. ಎಲ್ಲರೂ ಕೇಳೋ ದಿನಾನೇ ನಾನೂ ಕೇಳ್ತೀನಿ ಅಂತ ಹಟ ಹಿಡಿದ್ರು. ಈ ಎರಡನೇ ಅನುಮತಿಗೆ ಕಾಯೋ ಹೊತ್ತಿಗೆ ಅವರ ಬಲಗಿವಿ ಕೇಳಿಸದ ಹಾಗಾಯ್ತು."

ತನ್ನ ಕಳ್ಳಾಟಕ್ಕೆ ಬೆಲೆ ತೆತ್ತದ್ದು ಯಾರೋ ಮುದುಕಿ!

"ನಾನು ಮರೆತಿರಲಿಲ್ಲ. ಎರಡೂ ಒಟ್ಟಿಗೇ ಕೊಡಿಸಬಹುದಿತ್ತು. ಬೇಕಂತಲೇ ಹೇಳಲಿಲ್ಲ."

"ಯಾಕೆ?"

ಅವಳು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು.

"ಕ್ಷಮೆ ಕೇಳೋದಿದ್ರೆ ಅಜ್ಜಿ ಹತ್ರ ಕೇಳಿ" ಎಂದು ಅವನು ಹೊರಟ. ಅವಳು ಬ್ಯಾಗ್ ಎತ್ತಿಕೊಂಡು ಹಿಂದೆಯೇ ನಡೆದಳು.

ಮನೆಯಲ್ಲಿ ಅವನು ಎಪಿಸೋಡ್ ಬಿಡುಗಡೆ ಮಾಡಿದ. ಅಜ್ಜಿ ಫೋನನ್ನು ಎಡಗಿವಿಗೆ ಒತ್ತಿಕೊಂಡರು. ತಮ್ಮ ಹೆಸರು ಬಂದಾಗ ಕಣ್ಣು ಮುಚ್ಚಿದರು. ಹಾಡು ಮುಗಿದರೂ ಫೋನ್ ಕೆಳಗಿಡಲಿಲ್ಲ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೆಲ್ಲಗೆ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಅಜ್ಜಿ, ತಡ ಆಗಿದ್ದು ನನ್ನಿಂದ."

"ಏನಂದೆ?"

"ತಪ್ಪು ನಂದು ಅಂದೆ!"

"ಯಾಕೆ ತಡ ಮಾಡ್ದೆ?"

ಅವಳು ತಿರುಗಿ ನೋಡಿದಳು. ಅವನು ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಇನ್ನು ಮುಚ್ಚುಮರೆ ಸಾಕು ಅನ್ನಿಸಿತು.

"ನಿಮ್ಮ ಮೊಮ್ಮಗ ಇನ್ನೊಂದ್ಸಲ ಬರಲಿ ಅಂತ! ನನಗೆ ಅವರು ಇಷ್ಟ ಅಂತ!"

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

ಅಜ್ಜಿ ಎಡಗಿವಿ ಉಜ್ಜಿಕೊಂಡರು. "ಇರೋದೊಂದು ಕಿವಿ, ಅದನ್ನೂ ತೆಗೀಬೇಡ ಮಾರಾಯ್ತಿ." ಆಮೇಲೆ ಮೊಮ್ಮಗನತ್ತ ತಿರುಗಿ ಕೇಳಿದರು. "ಎರಡು ಅನುಮತಿ ಬೇಕು ಅಂತ ಒದ್ದಾಡ್ತಿದ್ಯಲ್ಲೋ. ಒಂದು ನಾನು ಕೊಟ್ಟೆ. ಇನ್ನೊಂದು?"

ಅವನು ಬಂದು ಅವಳ ಪಕ್ಕದಲ್ಲಿ ಕೂತ.