ಬಿಳಿ ಮುಚ್ಚಳದ ಕೆಂಪು ಗೆರೆ

ಅಚ್ಚಿನ ಎರಡು ಹೋಳುಗಳ ನಡುವೆ ಸಿಕ್ಕಿದ್ದ ಮನುಷ್ಯನನ್ನು ಬಿಡಿಸಿ ನೆಲದ ಮೇಲೆ ಮಲಗಿಸಿದ್ದರು. ಮುಖಕ್ಕೆ ಯಾರೋ ಗೋಣಿ ಹೊದಿಸಿದ್ದರು. ಆ ಒಂದು ಯಂತ್ರ ನಿಂತಿತ್ತು. ಉಳಿದವು ತಮ್ಮ ಪಾಡಿಗೆ ಔಷಧಿ ಡಬ್ಬಿಯ ಬಿಳಿ ಮುಚ್ಚಳಗಳನ್ನು ಉದುರಿಸುತ್ತಲೇ ಇದ್ದವು.

"ಮೊದ್ಲು ಅವನ್ನ ನಿಲ್ಸಿ," ಎಂದಳು ಇನ್‌ಸ್ಪೆಕ್ಟರ್.

ಕಾರ್ಖಾನೆಯ ಇಂಜಿನಿಯರ್ ತಡವರಿಸಿದ. "ಮಧ್ಯ ನಿಲ್ಸಿದ್ರೆ ಪ್ಲಾಸ್ಟಿಕ್ ಒಳಗೇ ಸುಟ್ಟುಹೋಗುತ್ತೆ ಮೇಡಂ."

"ಸುಡ್ಲಿ."

ಸದ್ದು ಅಡಗಿತು. ಯಂತ್ರದ ಮುಂದಿನ ಜಾರುಬಾಗಿಲನ್ನು ಅವಳು ಎಳೆದು ನೋಡಿದಳು.

"ಇದು ತೆಗೆದಿದ್ರೆ?"

"ಅಚ್ಚು ಮುಚ್ಚೋದೇ ಇಲ್ಲ. ಹಿಂದೆ ಒಂದು ಸ್ವಿಚ್ ಇದೆ. ಬಾಗಿಲು ಮುಚ್ಚಿದಾಗ ಅದು ಒತ್ಕೊಳ್ಳುತ್ತೆ, ಆಗ ಮಾತ್ರ ಅಚ್ಚು ಮುಚ್ಚೋದು."

"ಇವನ ಮೇಲೆ ಹೇಗೆ ಮುಚ್ಚಿತು?"

"ಯಾರೋ ಬೇಕಂತ್ಲೇ ಒತ್ತಿರ್ಬೇಕು." ಇಂಜಿನಿಯರನ ಕಣ್ಣು ಪಕ್ಕದ ಯಂತ್ರದ ಕೆಲಸಗಾರನ ಕಡೆ ಹೊರಳಿತು.

ಅವನನ್ನು ಎಲ್ಲರೂ ಮೀಸೆ ಅಂತಲೇ ಕರೆಯುತ್ತಿದ್ದರು. ಬೆಳಿಗ್ಗೆ ಸತ್ತವನ ಕೊರಳಪಟ್ಟಿ ಹಿಡಿದು, "ನಿನ್ನಿಂದ ನಾವೆಲ್ಲ ಬೀದಿಗೆ ಬೀಳ್ತೀವಿ ಕಣೋ!" ಎಂದು ಕೂಗಾಡಿದ್ದನಂತೆ. ಯಾಕೆ ಎಂದು ಕೇಳಿದರೆ ಮೀಸೆ ಬಾಯಿಯೇ ಬಿಡಲಿಲ್ಲ. ಇನ್‌ಸ್ಪೆಕ್ಟರ್ ಅವನನ್ನು ಜೀಪು ಹತ್ತಿಸಿದಳು.

ಸತ್ತವನ ಅಕ್ಕ ಜೀಪಿಗೆ ಅಡ್ಡ ನಿಂತಳು. "ನನ್ನ ತಮ್ಮನ ಜೊತೆ ಒಂದೇ ತಟ್ಟೇಲಿ ಉಂಡೋನು ಇವನು. ಇವನಲ್ಲ ಮೇಡಂ. ಇವನು ಮಾಡಿರಲ್ಲ."

* * *

ಮರುದಿನ ಇನ್‌ಸ್ಪೆಕ್ಟರ್ ಮತ್ತೆ ಬಂದಾಗ ಯಂತ್ರಗಳು ಓಡುತ್ತಿದ್ದವು. ಗೋಣಿ ಹೊದಿಸಿದ್ದ ಜಾಗವನ್ನು ತೊಳೆದಿದ್ದರು. ಮೂಲೆಯಲ್ಲಿ ಎಸೆದ ಮುಚ್ಚಳಗಳ ರಾಶಿ. ಅವಳು ಒಂದನ್ನು ಎತ್ತಿಕೊಂಡಳು. ಬಿಳುಪಿನ ನಡುವೆ ಕೂದಲೆಳೆಯಂಥ ಕೆಂಪು ಗೆರೆ. ಇನ್ನೊಂದರಲ್ಲೂ ಇತ್ತು.

"ಇಲ್ಲಿ ಕೆಂಪು ಬಣ್ಣದ್ದು ಏನು ಮಾಡ್ತೀರಮ್ಮ?"

"ಏನೂ ಇಲ್ಲ. ನಾನು ಸೇರಿದಾಗಿಂದ ಬರೀ ಬಿಳೀನೇ," ಎಂದಳು ಮುಚ್ಚಳ ಆರಿಸುತ್ತಿದ್ದ ಹೆಂಗಸು. "ಕೆಟ್ಟದ್ದನ್ನ ಅಲ್ಲಿ ಪುಡಿ ಮಾಡಿ ಹೊಸ ಪ್ಲಾಸ್ಟಿಕ್ ಕಾಳಿನ ಜೊತೆ ಬೆರೆಸ್ತಾರೆ."

ಅಲ್ಲಿ ಅಂದರೆ ಗ್ರೈಂಡರ್. ಇನ್‌ಸ್ಪೆಕ್ಟರ್ ಅದರ ಮುಚ್ಚಳ ಬಿಚ್ಚಿಸಿದಳು. ಅಲಗುಗಳ ಸಂದಿಯಲ್ಲಿ ಕೆಂಪು ಚೂರುಗಳು. ಒಂದು ಚೂರು ಮಾತ್ರ ಅರ್ಧಕ್ಕೆ ತುಂಡಾಗಿ ಉಳಿದಿತ್ತು. ಬೆಣೆಯ ಮೊನೆ. ಅದನ್ನು ಹಿಡಿದು ಅವಳು ಯಂತ್ರಗಳ ಹಿಂದೆ ಹೋದಳು. ಪ್ರತಿ ಸ್ವಿಚ್ಚಿನ ಪಕ್ಕ, ಒಂದೇ ಎತ್ತರದಲ್ಲಿ, ಉಜ್ಜಿ ನುಣುಪಾದ ಗುರುತು. ಮೊನೆ ಎಲ್ಲ ಕಡೆಯೂ ಹೇಳಿ ಮಾಡಿಸಿದ ಹಾಗೆ ಕೂತಿತು.

* * *

ಅಚ್ಚುಗಳನ್ನಿಡುವ ಕೋಣೆಯ ಕೆಳಗಿನ ಹಲಗೆಯಲ್ಲಿ, ಹಳೇ ಬಟ್ಟೆಯ ಅಡಿ, ಪುಟ್ಟ ಅಚ್ಚೊಂದು ಸಿಕ್ಕಿತು. ಇನ್‌ಸ್ಪೆಕ್ಟರ್ ಅದನ್ನು ಯಂತ್ರಕ್ಕೆ ಹಾಕಿಸಿದಳು. ಅಚ್ಚು ತೆರೆದುಕೊಂಡಿತು. ಗ್ರೈಂಡರಿನಲ್ಲಿ ಸಿಕ್ಕ ಮೊನೆಯದೇ ಆಕಾರದ ಬಿಸಿಬಿಸಿ ಬೆಣೆ ತಟ್ಟೆಗೆ ಬಿತ್ತು.

ಇಂಜಿನಿಯರ್ ಅಲ್ಲೇ ಇದ್ದ ಡಬ್ಬ ಎಳೆದುಕೊಂಡು ಕೂತ.

"ಒಬ್ಬ ಕೆಲಸಗಾರ ಮಾಡ್ಕೊಂಡಿದ್ರೆ ಒಂದು ಮಿಶನ್‌ನಲ್ಲಿ ಇರ್ತಿತ್ತು," ಎಂದಳು ಅವಳು. "ಇದು ಎಲ್ಲ ಮಿಶನ್‌ಗೂ ಒಂದೇ ಅಳತೆ. ಇದನ್ನ ಸಿಕ್ಕಿಸಿದ್ರೆ ಬಾಗಿಲು ತೆಗೆದಿದ್ರೂ ಸ್ವಿಚ್ ಒತ್ಕೊಂಡೇ ಇರುತ್ತೆ. ಇಂಥ ಬೆಣೆಗೆ ಅಚ್ಚು ಮಾಡಿಸೋ ಅಧಿಕಾರ ಇಲ್ಲಿ ನಿಮಗೊಬ್ಬರಿಗೇ. ಸಾವಾದ ಕೂಡ್ಲೇ ಎಲ್ಲಾ ಕಿತ್ತು ಗ್ರೈಂಡರ್‌ಗೆ ಹಾಕಿದ್ರಿ. ಆ ಪುಡಿಯೇ ಮುಚ್ಚಳದಲ್ಲಿ ಬಂತು."

ಅವನು ಅಲ್ಲಗಳೆಯಲಿಲ್ಲ. "ಒಬ್ಬ ಬಾಗಿಲು ಬೇಗ ಮುಚ್ತಾನೆ, ಒಬ್ಬ ನಿಧಾನ. ಅಚ್ಚು ಬಾಗಿಲಿಗೆ ಕಾಯೋ ಹೊತ್ತು ಹೆಚ್ಚುಕಮ್ಮಿ ಆದ್ರೆ ಮುಚ್ಚಳದ ಅಳತೇನೂ ಹೆಚ್ಚುಕಮ್ಮಿ. ಕೆಲಸ ಸರಳ ಮಾಡೋಣ ಅಂತ ಬಾಗಿಲಿಗೆ ಕಾಯೋದನ್ನೇ ತೆಗೆದೆ. ಆಮೇಲೆ ಒಂದೊಂದು ಮುಚ್ಚಳಾನೂ ಇನ್ನೊಂದರ ಪಡಿಯಚ್ಚು ಮೇಡಂ. ಕೊಂಡವರಿಂದ ಒಂದೂ ವಾಪಸ್ ಬರ್ಲಿಲ್ಲ."

"ಕೆಂಪು ಯಾಕೆ?"

"ತಪಾಸಣೆಯವರು ಬಂದಾಗ ಮರೀದೆ ಕೀಳ್ಬೇಕಲ್ಲ."

ಜೀಪಿನ ಹತ್ತಿರ ಅವನು ನಿಂತ. ದನಿ ಮೆತ್ತಗಿತ್ತು. "ಮಾಡ್ಸಿದ್ದು ನಾನು, ಮುಚ್ಚಿಟ್ಟಿದ್ದೂ ನಾನು. ಆದ್ರೆ ಸತ್ತೋನು ನಿನ್ನೆ ಬೆಳಿಗ್ಗೆ ತನ್ನ ಮಿಶನ್‌ನ ಬೆಣೆ ಕಿತ್ತು ಬಿಸಾಕಿದ್ದ. ವಾಪಸ್ ಇಟ್ಟೋನನ್ನ ನೀವು ಆಗ್ಲೇ ಒಳಗೆ ಹಾಕಿದೀರಿ."

* * *

ಮೀಸೆ ಠಾಣೆಯ ಕಂಬಿಯ ಹಿಂದೆ ಗೋಡೆಗೊರಗಿ ಕೂತಿದ್ದ. ಈಗ ಬಾಯಿ ಬಿಟ್ಟ.

"ಬೆಣೆ ಇಲ್ದೆ ಅವನ ಮಿಶನ್ ಹಿಂದೆ ಬೀಳ್ತಿತ್ತು. ಒಬ್ಬ ಹಿಂದೆ ಬಿದ್ರೆ ನಮ್ಮ ಸಾಲಿನವರನ್ನೆಲ್ಲ ಮನೆಗೆ ಕಳಿಸ್ತೀನಿ ಅಂದಿದ್ರು ಇಂಜಿನಿಯರ್. ಜಗಳ ಆಡಿದೆ. ಕೇಳ್ಲಿಲ್ಲ. ಅವನು ನೀರು ಕುಡಿಯೋಕೆ ಹೋದಾಗ ಮಿಶನ್ ಹಿಂದೆ ಹೋಗಿ ಬೆಣೆ ವಾಪಸ್ ಇಟ್ಬಿಟ್ಟೆ. ಅವನಿಗೆ ಹೇಳ್ಲಿಲ್ಲ."

ಇನ್‌ಸ್ಪೆಕ್ಟರಿಗೆ ಉಳಿದದ್ದು ತಾನಾಗಿಯೇ ಹೊಳೆಯಿತು. ಮುಚ್ಚಳವೊಂದು ಅಚ್ಚಿಗೆ ಅಂಟಿಕೊಂಡಿದೆ. ಅವನು ಬಾಗಿಲು ತೆಗೆದಿದ್ದಾನೆ. ಬೆಣೆ ಇಲ್ಲ, ಅಚ್ಚು ಮುಚ್ಚದು ಎಂಬ ಧೈರ್ಯದಿಂದ ತಲೆ ಒಳಗೆ ಹಾಕಿದ್ದಾನೆ.

"ಇಂಜಿನಿಯರಿಗೆ ಜಾಮೀನು ಸಿಗುತ್ತೆ," ಎಂದಳು. "ನಿನಗೂ ಕೇಳ್ಬಹುದು. ವಕೀಲರನ್ನ ಕರೆಸ್ಲಾ?"

"ಬೇಡ."

ಹೊರಗಿನ ಬೆಂಚಿನಿಂದ ಸತ್ತವನ ಅಕ್ಕ ಎದ್ದು ಬಾಗಿಲಿಗೆ ಬಂದಳು. ಇಂಜಿನಿಯರನನ್ನು ಹಿಡಿದ ಸುದ್ದಿ ಅವಳಿಗೆ ಮುಟ್ಟಿತ್ತು. "ನಾನು ಹೇಳ್ಲಿಲ್ವಾ ಮೇಡಂ? ಬಿಟ್ಬಿಡಿ ಅವನನ್ನ. ನಾನೇ ಮನೆಗೆ ಕರ್ಕೊಂಡು ಹೋಗ್ತೀನಿ. ಒಬ್ಬ ತಮ್ಮ ಹೋದ, ಇವನಾದ್ರೂ ಇರ್ಲಿ."

ಆ ದನಿ ಕೇಳಿ ಮೀಸೆ ಗೋಡೆಯ ಕಡೆ ಮುಖ ಮಾಡಿದ. ಇನ್‌ಸ್ಪೆಕ್ಟರ್ ಅವಳ ಭುಜ ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. ಬೆಣೆ ವಾಪಸ್ ಇಟ್ಟವನು ಯಾರೆಂದು ಹೇಳಲು ಬಾಯಿ ತೆರೆದಳು.