ನಾಡಿದ್ದಿನ ತಾರೀಖು

"ಈ ಚೀಟಿ ಬರೆದದ್ದು ಯಾರು?"

ಕಾಗದ ಕ್ಲಿನಿಕ್‌ನ ಬಾಗಿಲ ಬಳಿಯ ಅವಳ ಮೇಜಿನ ಮೇಲೆ ಬಿತ್ತು. ಜೊತೆಗೆ ಬೀಗದ ಕೈಗಳ ದೊಡ್ಡ ಗೊಂಚಲೊಂದು ಝಣ್ ಎಂದಿತು.

ಅವಳು ತಲೆ ಎತ್ತಿದಳು. ಎದುರು ನಿಂತಿದ್ದವನು ಮೂಲೆಯಂಗಡಿಯ ಬೀಗ ರಿಪೇರಿಯವನು. ಹೆಗಲ ಮೇಲೆ ನಾಲ್ಕು ವರ್ಷದ ಪುಟ್ಟಿ, ಅವನ ಅಕ್ಕನ ಮಗಳು. ಒಂದು ಗಂಟೆಯ ಹಿಂದೆ ಪುಟ್ಟಿಯನ್ನು ಡಾಕ್ಟರಿಗೆ ತೋರಿಸಿದ್ದ ಅಕ್ಕ, ಕಾರ್ಖಾನೆಯ ಪಾಳಿಗೆ ಹೊತ್ತಾಯಿತೆಂದು ಮಗುವನ್ನೂ ಚೀಟಿಯನ್ನೂ ತಮ್ಮನ ಕೈಗಿಟ್ಟು ಓಡಿದ್ದಳು.

ಪುಟ್ಟಿಯ ನೋಯುವ ಬಲಗಿವಿಗೆ ಫ್ಯಾನಿನ ಗಾಳಿ ತಾಗದಂತೆ ಅವನು ಅಂಗೈ ಅಡ್ಡ ಹಿಡಿದಿದ್ದ.

'ಕೈ ಇಷ್ಟು ಮೆತ್ತಗೆ... ಮಾತು ಮಾತ್ರ ಒರಟು' ಎಂದುಕೊಂಡಳು.

"ಡಾಕ್ಟರಮ್ಮ ಹೇಳಿದ ಹಾಗೆ ನಾನೇ ಬರೆದದ್ದು."

"ಇವತ್ತು ಸೋಮವಾರ. ನೀವು ಬುಧವಾರದ ತಾರೀಖು ಹಾಕಿದ್ದೀರಿ. ಮೆಡಿಕಲ್ ಶಾಪಿನವನು ಔಷಧಿ ಕೊಡಲ್ಲ ಅಂತಾನೆ."

"ಅದು ತಪ್ಪಲ್ಲ... ನೋವಿನ ಸಿರಪ್ ಇವತ್ತಿಂದಾನೇ ಕೊಡಬೇಕು. ಇದು ಮಾತ್ರ..."

"ತಾರೀಖು ಬರೆಯೋಕೆ ಬರದವರನ್ನ ಕೂರಿಸಿದ್ರೆ ಇನ್ನೇನಾಗುತ್ತೆ? ಎಷ್ಟನೇ ಕ್ಲಾಸು ಓದಿದ್ದೀರಿ ನೀವು?"

ಬೆಂಚಿನ ಮೇಲೆ ಕೆಮ್ಮುತ್ತಿದ್ದವರು ಕೂಡ ಕೆಮ್ಮು ನಿಲ್ಲಿಸಿದರು.

ಅವನು ಚೀಟಿ ಎತ್ತಿಕೊಂಡು ಹೊರಟೇಬಿಟ್ಟ.

ತಾರೀಖು ಸರಿಯಾಗಿಯೇ ಇತ್ತು. ಮಕ್ಕಳ ಕಿವಿನೋವು ಬಹಳಷ್ಟು ಸಲ ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ಅಲ್ಲಿಯವರೆಗೆ ನೋವಿನ ಸಿರಪ್ ಸಾಕು, ಇಳಿಯದಿದ್ದರೆ ಮಾತ್ರ ಆಂಟಿಬಯೋಟಿಕ್ ಎನ್ನುವುದು ಡಾಕ್ಟರಮ್ಮನ ಕ್ರಮ. ಅದಕ್ಕೇ ನಾಡಿದ್ದಿನ ತಾರೀಖಿನ ಚೀಟಿ. ಇಷ್ಟೆಲ್ಲ ಗೊತ್ತಿದ್ದೂ ಅವಳು ಮಧ್ಯಾಹ್ನದೊಳಗೆ ಮೂರು ಸಲ ಕ್ಯಾಲೆಂಡರ್ ನೋಡಿದಳು.

ಎಲ್ಲರೂ ಹೋದ ಮೇಲೆ ಒಳಗೆ ಹೋಗಿ ಬಾಗಿಲ ಬಳಿಯೇ ನಿಂತಳು.

"ಅಮ್ಮಾ, ನಾನು ಮೊದಲಿನ ಹಾಗೆ ನೆಲ ಒರೆಸ್ತೀನಿ. ಮೇಜಿಗೆ ಬೇರೆ ಯಾರನ್ನಾದ್ರೂ ಕೂರಿಸಿ."

ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಅವಳ ಅಕ್ಷರ ದುಂಡಗಿದೆಯೆಂದು ಎರಡು ತಿಂಗಳ ಹಿಂದೆ ಪೊರಕೆ ಬಿಡಿಸಿ ಪೆನ್ನು ಕೊಟ್ಟವರು ಅವರೇ.

"ಬುಧವಾರ ಆ ಮಗುವಿನ ಮನೆಗೆ ಫೋನ್ ಮಾಡಬೇಕು. ಅದು ನಿನ್ನ ಕೆಲಸ. ಮಾಡು, ಆಮೇಲೆ ಒರೆಸೋ ಮಾತು ಆಡೋಣ."

ಬುಧವಾರ ಬಂತು. ರಿಜಿಸ್ಟರಿನಲ್ಲಿ ಅಕ್ಕ ಬರೆಸಿದ್ದದ್ದು ಅವನ ನಂಬರೇ. ಎರಡು ಸಲ ಒತ್ತಿ ಅಳಿಸಿದಳು. 'ಬೈದರೆ ಬೈಯಲಿ. ಮಗು ಏನು ಮಾಡಿತ್ತು?' ಮೂರನೆಯ ಸಲ ಕರೆ ಹೋಯಿತು.

"ಕ್ಲಿನಿಕ್‌ನಿಂದ. ಪುಟ್ಟಿ ಕಿವಿ ಹೇಗಿದೆ?"

ಆಚೆ ಕಡೆ ಅರ ಉಜ್ಜುವ ಸದ್ದು ನಿಂತಿತು.

"...ನೀವೇನಾ?"

"ಜ್ವರ ಇದೆಯಾ?"

"ನಿನ್ನೆ ಬಿಟ್ಟಿತ್ತು. ಬೆಳಗ್ಗೆ ಮತ್ತೆ ಬಂತು. ಕಿವಿ ಮುಟ್ಟೋಕೆ ಬಿಡ್ತಿಲ್ಲ."

"ಕಿವಿ ಸೋರ್ತಿದೆಯಾ? ಹಿಂದೆ ಊತ? ಮಂಕಾಗಿದ್ದಾಳಾ?"

"ಸೋರ್ತಿಲ್ಲ, ಊತಾನೂ ಇಲ್ಲ. ಹಾಲು ಕುಡಿದ್ಲು, ನನಗೆ ಎರಡು ಒದ್ಲು."

"ಒಂದು ನಿಮಿಷ." ಒಳಗೆ ಹೋಗಿ ಕೇಳಿ ಬಂದಳು. "ಆ ಚೀಟಿಯ ಔಷಧಿ ಇವತ್ತಿಂದ ಶುರು ಮಾಡಿ. ಏಳು ದಿನ. ಆರಾಮಾಯ್ತು ಅಂತ ನಡುವೆ ನಿಲ್ಲಿಸಬೇಡಿ. ಎರಡು ದಿನದಲ್ಲಿ ಕಡಿಮೆ ಆಗದಿದ್ರೆ ಕರ್ಕೊಂಡು ಬನ್ನಿ. ಊತ ಕಂಡ್ರೆ ತಕ್ಷಣ ಬನ್ನಿ."

"ಸರಿ." ಅರ ಕೆಳಗಿಟ್ಟ ಸದ್ದು ಕೇಳಿಸಿತು. "ಅವತ್ತು ಸಂಜೆ ಅಕ್ಕ ಬಂದು ಎಲ್ಲ ಹೇಳಿದ್ಲು. ತಪ್ಪಾಯ್ತು. ಬಂದು ಹೇಳೋಕೆ ಮುಖ ಇರಲಿಲ್ಲ."

"ಏಳನೇ ಕ್ಲಾಸು."

"ಏನು?"

"ಎಷ್ಟನೇ ಕ್ಲಾಸು ಅಂತ ಕೇಳಿದ್ರಲ್ಲ. ಏಳು."

"ನಾನು ಆರು" ಎಂದ ಅವನು.

ಅವಳಿಗೆ ನಗು ಬಂದುಬಿಟ್ಟಿತು. ನಗು ಕೇಳಿಸಬಾರದೆಂದು ಫೋನಿನ ಬಾಯಿ ಮುಚ್ಚಿದಳು. ಕೇಳಿಸಿತ್ತು.

ಎರಡೇ ದಿನಕ್ಕೆ ಜ್ವರ ಬಿಟ್ಟರೂ ಔಷಧಿ ಏಳು ದಿನವೂ ನಡೆಯಿತು. ಎಂಟನೆಯ ದಿನ ಅವನು ಗಾಬರಿಯಾಗಿ ಮಗುವನ್ನು ಎತ್ತಿಕೊಂಡು ಬಂದ. "ನೋವಿಲ್ಲ. ಆದ್ರೆ ಬೆನ್ನ ಹಿಂದೆ ಬೀಗದ ಕೈ ಅಲ್ಲಾಡಿಸಿದ್ರೆ ತಿರುಗಲ್ಲ. ಕಿವುಡಾಗಿಬಿಟ್ಲಾ?"

ಡಾಕ್ಟರಮ್ಮ ಕಿವಿಗೆ ಬೆಳಕು ಬಿಟ್ಟು ನೋಡಿದರು. ಎರಡೂ ಕಿವಿಯ ಪೊರೆಯ ಹಿಂದೆ ನೀರು ಉಳಿದಿತ್ತು. ಕೆಲವು ವಾರಗಳಲ್ಲಿ ತಾನೇ ಆರುತ್ತದೆ, ಆರು ವಾರ ಬಿಟ್ಟು ಕರೆತನ್ನಿ ಎಂದರು.

ಅವನು ಪ್ರತಿ ವಾರವೂ ಬಂದ.

"ಡಾಕ್ಟರಮ್ಮ ಆರು ವಾರ ಅಂದ್ರಲ್ಲ?" ಎಂದು ಅವಳು ಕೇಳಿದರೆ, "ತಾರೀಖಿನ ವಿಷಯದಲ್ಲಿ ನಾನು ಸ್ವಲ್ಪ ದಡ್ಡ" ಎನ್ನುತ್ತಿದ್ದ. ಕ್ಲಿನಿಕ್‌ನ ಸಡಿಲ ಚಿಲಕಗಳೆಲ್ಲ ಒಂದೊಂದಾಗಿ ಬಿಗಿಯಾದವು. ಕೊನೆಗೆ ರಿಪೇರಿಗೆ ಒಂದು ಬೀಗವೂ ಉಳಿಯಲಿಲ್ಲ.

ಆರನೆಯ ವಾರ ಪುಟ್ಟಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವನು ಹಿಂದಿನಿಂದ ಗೊಂಚಲು ಅಲ್ಲಾಡಿಸಿದ. ಮೇಜಿನ ಹಿಂದೆ ಅವಳ ಪೆನ್ನು ನಿಂತಿತು.

"ಮಾಮ, ಸುಮ್ನೆ ಇರು. ಕಿವಿಗೆ ಕಿರಿಕಿರಿ" ಎಂದಳು ಪುಟ್ಟಿ.

ಅವನು ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ. ಅವಳು ನೋಡಿದಳು, ನೋಡದವಳಂತೆ ರಿಜಿಸ್ಟರಿಗೆ ಬಗ್ಗಿದಳು. 'ಕಿವಿ ವಾಸಿಯಾಯಿತು. ಇನ್ನು ಯಾಕೆ ಬರುತ್ತಾನೆ...' ಸಂತೋಷವೇ ಆಗಬೇಕಿತ್ತು. ಆಯಿತು, ಪೂರ್ತಿ ಅಲ್ಲ.

ಹೋಗುವಾಗ ಅವನು ನಾಲ್ಕು ಮಡಿಕೆಯ ಕಾಗದವೊಂದನ್ನು ಮೇಜಿನ ಮೇಲಿಟ್ಟ. ಮೇಲೆ ಸೊಟ್ಟ ಅಕ್ಷರದಲ್ಲಿ ತಾರೀಖು. ನಾಡಿದ್ದಿನದು.

"ಅವತ್ತಿನವರೆಗೆ ತೆಗೀಬೇಡಿ. ತಾನೇ ಇಳಿಯುತ್ತಾ ಅಂತ ನಾನೂ ನೋಡ್ತೀನಿ."

ಎರಡು ದಿನ ಕಾಗದ ರಿಜಿಸ್ಟರಿನೊಳಗೇ ಇತ್ತು. ಅವಳು ತೆಗೆಯಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ. ಮೂರನೆಯ ದಿನ ಬಾಗಿಲು ತೆರೆದ ಕೂಡಲೇ ಬಿಡಿಸಿದಳು.

'ನಿಮ್ಮನ್ನು ನೋಡದಿದ್ದರೆ ಕೆಲಸಕ್ಕೆ ಕೈ ಹೋಗುವುದಿಲ್ಲ. ಮದುವೆಯಾಗುತ್ತೀರಾ?'

ಡಾಕ್ಟರಮ್ಮ ಒಳಗೆ ಹೋಗುತ್ತ ಕೇಳಿದರು, "ಏನೇ, ನೆಲ ಒರೆಸೋ ಮಾತು ಏನಾಯ್ತು?"

"ಇಲ್ಲೇ ಕೂರ್ತೀನಮ್ಮ. ಒಂದು ಫೋನ್ ಬಾಕಿ ಇದೆ."

ಈ ಸಲ ನಂಬರ್ ಅಳಿಸಲಿಲ್ಲ.

"ಕ್ಲಿನಿಕ್‌ನಿಂದ. ಕಡಿಮೆ ಆಯ್ತಾ?"

"ಇಲ್ಲ" ಎಂದ ಅವನು. "ಜಾಸ್ತಿಯಾಗಿದೆ."

"ಹಾಗಾದ್ರೆ ಸಂಜೆ ಅಕ್ಕನ ಜೊತೆ ಮನೆಗೆ ಬನ್ನಿ, ಅಪ್ಪನ ಹತ್ರ ಮಾತಾಡಿ. ಒಂದು ಸಲ ಶುರು ಮಾಡಿದ್ರೆ ನಡುವೆ ನಿಲ್ಲಿಸೋ ಹಾಗಿಲ್ಲ."

"ಎಷ್ಟು ದಿನ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಇದಕ್ಕೆ ನಾನು ತಾರೀಖು ಬರೆಯಲ್ಲ."